ನಿನಗೆ ಯಾವ ಬಣ್ಣ ಇಷ್ಟ?

ಭದ್ರಾವತಿಯ ಒಂದು ಕುಟುಂಬ. ಹೆಸರು ಬೇಡ, ಇಂಥದ್ದು ನಮ್ಮ ನಿಮ್ಮ ಮನೆಯಲ್ಲೂ ನಡೆಯುವಂಥದ್ದೇ. ಯಜಮಾನರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಿರಿಮಗಳ ಮದುವೆ ಗೊತ್ತಾಗಿತ್ತು. ಬಟ್ಟೆ ತೆಗೆಯಲು ಗಂಡ, ಹೆಂಡತಿ, ಮಗಳು ಮೂವರೂ ಬೆಳಗಿನ ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಬಂದರು.

ಮಗಳ ಸೀರೆಗಳು ಬೇಗ ಆರಿಸಿ ಮುಗಿದವು. ಇನ್ನು ತಾಯಿಯ ಸೀರೆ. ಅಂಗಡಿಯವರು ಕೇಳುವ ಮೊದಲೇ ಯಜಮಾನರು ಹೇಳಿದರು: "ಇವಳಿಗೆ ಹಸಿರು ತೋರಿಸಿ. ಗಿಳಿಹಸಿರು. ಇವಳಿಗೆ ಅದೇ ಇಷ್ಟ."

ಅಂಗಡಿಯ ಹುಡುಗ ಹತ್ತು ಹದಿನೈದು ಹಸಿರು ಸೀರೆಗಳನ್ನು ಹರವಿದ. ಆಕೆ ಒಂದೊಂದನ್ನೂ ಮುಟ್ಟಿ ನೋಡಿದರು. ಆದರೆ ಕೈ ಮಾತ್ರ, ಪಕ್ಕದಲ್ಲಿ ಬೇರೆ ಯಾರಿಗೋ ತೆಗೆದು ಹಾಕಿದ್ದ ನೇರಳೆ ಬಣ್ಣದ ಸೀರೆಯ ಸೆರಗಿನ ಮೇಲೆ ಹೋಗಿ ನಿಂತಿತು.

"ಅದ್ಯಾಕೆ? ಅದು ತಪಸ್ಸುಕಾಲದ ಬಣ್ಣ. ಮದುವೆ ಮನೆಗೆ ಅದನ್ನ ಉಡ್ತಾರಾ?" ಎಂದರು ಯಜಮಾನರು. ಆಕೆ ಕೈ ಹಿಂದಕ್ಕೆ ತೆಗೆದುಕೊಂಡರು. ಹಸಿರು ಸೀರೆಯೊಂದನ್ನು ಕಟ್ಟಿಸಿಕೊಂಡು ಮೂವರೂ ಬಸ್ ನಿಲ್ದಾಣಕ್ಕೆ ಹೊರಟರು.

ಬಸ್ಸಿನಲ್ಲಿ ಮಗಳು ಸುಮ್ಮನಿರಲಿಲ್ಲ. "ಅಮ್ಮಾ, ನಿಜ ಹೇಳು. ನಿನಗೆ ಯಾವ ಬಣ್ಣ ಇಷ್ಟ?"

ತಾಯಿ ಕಿಟಕಿಯ ಹೊರಗೆ ನೋಡುತ್ತಾ, "ನೇರಳೆ ಕಣೇ. ನಮ್ಮಮ್ಮನ ಹತ್ರ ಇದ್ದ ಒಂದೇ ಒಂದು ಒಳ್ಳೇ ಸೀರೆ ನೇರಳೆ" ಎಂದರು.

"ಮತ್ತೆ ಹಸಿರು?" ಎಂದು ಯಜಮಾನರು ಕೇಳಿದರು.

"ಹಸಿರು ನಿಮಗೆ ಇಷ್ಟ ರೀ."

"ನಿನ್ನನ್ನ ಮೊದಲ ಸಲ ನೋಡಿದಾಗ, ಚರ್ಚಿನ ಹಬ್ಬದ ದಿನ, ಹಸಿರು ಲಂಗ ದಾವಣಿ ಹಾಕ್ಕೊಂಡಿದ್ದೆಯಲ್ಲ?"

"ಅದು ನನ್ನದಲ್ಲ. ಅಕ್ಕನದು. ಹಬ್ಬಕ್ಕೆ ಅಂತ ಕೇಳಿ ಇಸ್ಕೊಂಡಿದ್ದೆ."

ಮಗಳು ನಕ್ಕಳು. ತಾಯಿಯೂ ನಕ್ಕರು. ತಂದೆ ಮಾತ್ರ ನಗಲಿಲ್ಲ. 30 ವರ್ಷಗಳಿಂದ ಪ್ರತಿ ಕ್ರಿಸ್ಮಸ್ಸಿಗೆ, ಪ್ರತಿ ಪಾಸ್ಖ ಹಬ್ಬಕ್ಕೆ ಅವರು ಹಸಿರು ಸೀರೆಯನ್ನೇ ತಂದಿದ್ದರು. ಅದು ತನ್ನ ಪ್ರೀತಿಯ ಗುರುತು ಎಂದೇ ತಿಳಿದಿದ್ದರು. ಅಂದು ರಾತ್ರಿ ಊಟವಾದ ಮೇಲೆ ಹೆಂಡತಿಯನ್ನು ಕೇಳಿದರು: "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಆಕೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನೀವು ಕೇಳಲಿಲ್ಲ. ಮೊದಮೊದಲು ನೀವು ನೋಡಲಿ ಅಂತ ಹಸಿರು ಉಡ್ತಿದ್ದೆ. ನೀವು ನೋಡ್ತಿದ್ರಿ. ಆಮೇಲೆ ನೀವು ನೋಡೋದು ಬಿಟ್ರಿ. ನಾನು ಉಡೋದು ಬಿಡಲಿಲ್ಲ, ಅಷ್ಟೇ."

ಪ್ರಿಯ ಓದುಗರೇ, ಈ ಮಾತನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ.

ಸಣ್ಣ ವಿಷಯವೇ?

ವಿಶ್ವಾಸದ ಪುಟದಲ್ಲಿ ಸೀರೆಯ ಬಣ್ಣದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ದಾಂಪತ್ಯವೆಂದರೆ ತ್ಯಾಗ, ನಿಷ್ಠೆ, ಪ್ರಾರ್ಥನೆ. ಅದು ಸರಿ. ಆದರೆ ಇವೆಲ್ಲ ನಿತ್ಯ ಬದುಕಿನಲ್ಲಿ ಕಾಣಿಸಿಕೊಳ್ಳುವುದು ಸಣ್ಣ ಸಣ್ಣ ಸಂಗತಿಗಳಲ್ಲಿ. ಸಾರಿಗೆ ಉಪ್ಪು ಎಷ್ಟು, ಕಾಫಿಗೆ ಸಕ್ಕರೆ ಎಷ್ಟು, ಹಬ್ಬಕ್ಕೆ ಯಾವ ಬಣ್ಣದ ಬಟ್ಟೆ ಎಂಬುದನ್ನು ನೆನಪಿಟ್ಟುಕೊಳ್ಳುವವರು ನಮ್ಮನ್ನು ಪ್ರೀತಿಸುವವರು. ಮರೆತವರ ಮೇಲೆ ನಮಗೆ ಕೋಪ ಬರುವುದೂ ಅದಕ್ಕಾಗಿಯೇ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೇ ಅಧ್ಯಾಯದಲ್ಲಿ, ಮದುವೆಯಾದ ಗಂಡಸು ಹೆಂಡತಿಯನ್ನು ಮೆಚ್ಚಿಸುವುದು ಹೇಗೆಂದು ಚಿಂತಿಸುತ್ತಾನೆ, ಮದುವೆಯಾದ ಹೆಂಗಸು ಗಂಡನನ್ನು ಮೆಚ್ಚಿಸುವುದು ಹೇಗೆಂದು ಚಿಂತಿಸುತ್ತಾಳೆ ಎನ್ನುತ್ತಾರೆ. ಅವಿವಾಹಿತರ ಬಿಡುವಾದ ಮನಸ್ಸಿನ ಜೊತೆ ಹೋಲಿಸುತ್ತಾ ಹೇಳಿದ ಮಾತಿದು. ಆದರೂ ಒಂದನ್ನು ಗಮನಿಸಿ. ಪೌಲರು ಎರಡೂ ಕಡೆಯ ಚಿಂತೆಯನ್ನು ಹೇಳುತ್ತಾರೆ. ಹೆಂಡತಿ ಮಾತ್ರ ಗಂಡನನ್ನು ಮೆಚ್ಚಿಸಬೇಕು ಎಂದು ಹೇಳುವುದಿಲ್ಲ. ಮೆಚ್ಚಿಸಬೇಕಾದರೆ ಮೊದಲು ತಿಳಿಯಬೇಕು. ತಿಳಿಯಬೇಕಾದರೆ ಕೇಳಬೇಕು. ನಮ್ಮ ಯಜಮಾನರು ಪ್ರತಿ ಹಬ್ಬಕ್ಕೂ ಮೆಚ್ಚಿಸಲು ಹೊರಟರು, ಒಮ್ಮೆಯೂ ಕೇಳಲಿಲ್ಲ.

ಪವಿತ್ರ ಗ್ರಂಥದಲ್ಲಿ ಬಟ್ಟೆ ಮತ್ತು ಬಣ್ಣ

ಬೈಬಲ್ ಬಟ್ಟೆಬರೆಯ ವಿಷಯವನ್ನು ಹಗುರವಾಗಿ ಕಾಣುವುದಿಲ್ಲ. ಆದಿಕಾಂಡದ 24ನೇ ಅಧ್ಯಾಯದಲ್ಲಿ ಇಸಾಕನಿಗೆ ಹೆಣ್ಣು ನೋಡಲು ಹೋದ ಸೇವಕ, ರೆಬೆಕ್ಕಳಿಗೆ ಬೆಳ್ಳಿ ಬಂಗಾರದ ಒಡವೆಗಳ ಜೊತೆ ಉಡುಪುಗಳನ್ನೂ ಕೊಡುತ್ತಾನೆ. ಗಂಡಿನ ಕಡೆಯವರು ಹೆಣ್ಣಿಗೆ ಬಟ್ಟೆ ಕೊಡುವ ನಮ್ಮ ಪದ್ಧತಿಗೆ ಎಷ್ಟು ಹತ್ತಿರ!

ಅದೇ ಗ್ರಂಥದ 37ನೇ ಅಧ್ಯಾಯದಲ್ಲಿ ಇನ್ನೊಂದು ಉಡುಪಿದೆ. ಯಕೋಬನು ಮುದ್ದಿನ ಮಗ ಜೋಸೆಫನಿಗೆ ವಿಶೇಷವಾದ ನಿಲುವಂಗಿ ಮಾಡಿಸಿಕೊಟ್ಟ. ಬಹುವರ್ಣದ ಅಂಗಿ ಎಂದೇ ನಮ್ಮಲ್ಲಿ ಅದು ಪ್ರಸಿದ್ಧ. ಕೊಟ್ಟದ್ದು ಪ್ರೀತಿಯಿಂದ. ಆದರೆ ಉಳಿದ ಮಕ್ಕಳ ಮನಸ್ಸಿನಲ್ಲಿ ಏನಾಗುತ್ತದೆ ಎಂದು ತಂದೆ ನೋಡಲಿಲ್ಲ. ಕಡೆಗೆ ಅದೇ ಅಂಗಿ ರಕ್ತದಲ್ಲಿ ಅದ್ದಿ ಅವನ ಮುಂದೆಯೇ ಬಂತು. ಪ್ರೀತಿಯಿಂದ ಕೊಟ್ಟದ್ದೆಲ್ಲ ಒಳ್ಳೆಯದನ್ನೇ ಮಾಡುತ್ತದೆ ಎಂದಿಲ್ಲ. ಕೊಡುವವನ ಕಣ್ಣು ತೆರೆದಿರಬೇಕು.

ಇನ್ನು ನೇರಳೆಯ ವಿಷಯ. ಜ್ಞಾನೋಕ್ತಿಗಳ 31ನೇ ಅಧ್ಯಾಯದಲ್ಲಿ ಗುಣವತಿಯಾದ ಹೆಂಡತಿಯ ವರ್ಣನೆ ಬರುತ್ತದೆ. ಮನೆಯವರಿಗೆಲ್ಲ ಕಡುಗೆಂಪು ಬಟ್ಟೆ ಉಡಿಸಿರುವುದರಿಂದ ಆಕೆಗೆ ಚಳಿಗಾಲದ ಭಯವಿಲ್ಲ. ಆಕೆ ಸ್ವತಃ ಉಡುವುದು ನಯವಾದ ನಾರುಮಡಿ ಮತ್ತು ನೇರಳೆಗೆಂಪು ವಸ್ತ್ರ. ದುಡಿಯುವ ಹೆಂಗಸು ತನಗಾಗಿಯೂ ಒಂದು ಒಳ್ಳೆಯ ಬಟ್ಟೆ ಇಟ್ಟುಕೊಂಡಿದ್ದಾಳೆ. ಪವಿತ್ರ ಗ್ರಂಥ ಅದಕ್ಕಾಗಿ ಆಕೆಯನ್ನು ಬೈಯುವುದಿಲ್ಲ, ಹೊಗಳುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯದಲ್ಲಿ ಫಿಲಿಪ್ಪಿ ಪಟ್ಟಣದ ಲಿಡಿಯಾ ಎಂಬಾಕೆ ಇದೇ ಬಣ್ಣದ ಬಟ್ಟೆಯ ವ್ಯಾಪಾರಿ. ಅಂದಿನ ಕಾಲದಲ್ಲಿ ಉತ್ತಮ ದರ್ಜೆಯ ಈ ಬಣ್ಣವನ್ನು ಸಮುದ್ರದ ಬಸವನಹುಳುಗಳಿಂದ ತೆಗೆಯುತ್ತಿದ್ದರು. ಸ್ವಲ್ಪ ಬಣ್ಣಕ್ಕೂ ಸಾವಿರಾರು ಹುಳುಗಳು ಬೇಕಾಗುತ್ತಿದ್ದುದರಿಂದ ಅದು ಬಹಳ ದುಬಾರಿ. ಪೌಲರ ಬೋಧನೆ ಕೇಳಿ ಲಿಡಿಯಾ ಮನೆಯವರೊಡನೆ ದೀಕ್ಷಾಸ್ನಾನ ಪಡೆದು, ಪೌಲರನ್ನು ಒತ್ತಾಯ ಮಾಡಿ ಮನೆಗೆ ಕರೆದಳು. ಹೀಗಿರುವಾಗ ನೇರಳೆಯನ್ನು ದುಃಖದ ಬಣ್ಣ ಎಂದು ಪಕ್ಕಕ್ಕೆ ಸರಿಸುವುದು ಹೇಗೆ?

ಧರ್ಮಸಭೆಯ ಬಣ್ಣಗಳು ಕಲಿಸುವ ಪಾಠ

ಭಾನುವಾರ ಬಲಿಪೂಜೆಗೆ ಹೋದಾಗ ಗುರುಗಳ ಪೂಜಾವಸ್ತ್ರದ ಬಣ್ಣವನ್ನು ನೀವು ಗಮನಿಸಿರುತ್ತೀರಿ. 12ನೇ ಶತಮಾನದ ಕೊನೆಯ ಹೊತ್ತಿಗೆ ರೋಮಿನಲ್ಲಿ ರೂಢಿಯಲ್ಲಿದ್ದ ಬಣ್ಣಗಳನ್ನು, ಮುಂದೆ ಮೂರನೆಯ ಇನೊಸೆಂಟ್ ಎಂಬ ಹೆಸರಿನಿಂದ ಜಗದ್ಗುರುಗಳಾದವರು ವಿವರಿಸಿ ಬರೆದರು. 1570ರಲ್ಲಿ ಐದನೆಯ ಪಯಸ್ ಜಗದ್ಗುರುಗಳ ಪೂಜಾಗ್ರಂಥ ಬಂದ ಮೇಲೆ ಲತೀನ್ ಸಂಪ್ರದಾಯದಲ್ಲಿ ಈ ಕ್ರಮ ಗಟ್ಟಿಯಾಯಿತು.

ಕ್ರಿಸ್ಮಸ್ ಮತ್ತು ಪಾಸ್ಖ ಕಾಲಗಳಲ್ಲಿ ಬಿಳಿ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂತೆಕೋಸ್ತ್ ಹಬ್ಬ ಮತ್ತು ರಕ್ತಸಾಕ್ಷಿಗಳ ಸ್ಮರಣೆಯ ದಿನಗಳಲ್ಲಿ ಕೆಂಪು. ಆಗಮನ ಕಾಲ ಮತ್ತು ತಪಸ್ಸುಕಾಲಗಳಲ್ಲಿ ನೇರಳೆ. ವರ್ಷದ ಉಳಿದ 33 ಅಥವಾ 34 ವಾರಗಳ ಸಾಧಾರಣ ಕಾಲದಲ್ಲಿ ಹಸಿರು.

ಇದರಲ್ಲಿ ದಂಪತಿಗಳಿಗೆ ಮೂರು ಪಾಠಗಳಿವೆ.

ಮೊದಲನೆಯದು, ಹೆಚ್ಚಿನ ವಾರಗಳ ಬಣ್ಣ ಹಸಿರು. ದಾಂಪತ್ಯದಲ್ಲಿಯೂ ಹಾಗೆಯೇ. ಮದುವೆಯ ದಿನ ಒಂದೇ, ಬೆಳ್ಳಿಹಬ್ಬ ಒಂದೇ. ಉಳಿದದ್ದೆಲ್ಲ ಸಾಧಾರಣ ಕಾಲ. ಪಾಳಿ ಮುಗಿಸಿ ಬರುವ ಗಂಡ, ನಲ್ಲಿಯಲ್ಲಿ ನೀರು ಬರುವುದನ್ನು ಕಾಯುವ ಹೆಂಡತಿ, ಮಕ್ಕಳ ಶಾಲೆಯ ಫೀಸು. ಪ್ರೀತಿ ಬದುಕಬೇಕಾದದ್ದು ಇಲ್ಲಿಯೇ. ನಮ್ಮ ಕಥೆಯ ತಾಯಿ ಉಟ್ಟ ಹಸಿರು ಸೀರೆಗಳು ಸುಳ್ಳಲ್ಲ. ಅವು ಆಕೆಯ ಸಾಧಾರಣ ಕಾಲದ ನಿಷ್ಠೆ.

ಎರಡನೆಯದು, ಧರ್ಮಸಭೆ ಒಂದೇ ಬಣ್ಣದಲ್ಲಿ ವರ್ಷ ಕಳೆಯುವುದಿಲ್ಲ. ಗುರುಗಳು ತಮಗೆ ಕೆಂಪು ಇಷ್ಟವೆಂದು ಪ್ರತಿ ಭಾನುವಾರ ಕೆಂಪು ತೊಡುವುದಿಲ್ಲ. ಕಾಲವನ್ನು ನೋಡಿ ತೊಡುತ್ತಾರೆ. ಮದುವೆಯಾದ ಹೊಸದರಲ್ಲಿ ಇಷ್ಟವಾದದ್ದೇ ಐವತ್ತರ ವಯಸ್ಸಿನಲ್ಲೂ ಇಷ್ಟವಾಗಿರಬೇಕೆಂದಿಲ್ಲ. ಆದ್ದರಿಂದ ಒಮ್ಮೆ ಕೇಳಿದರೆ ಸಾಲದು, ಆಗಾಗ ಕೇಳುತ್ತಿರಬೇಕು.

ಮೂರನೆಯದು, ನೇರಳೆಯ ನಡುವೆ ಗುಲಾಬಿಗೂ ಜಾಗವಿದೆ. ಆಗಮನ ಕಾಲದ ಮೂರನೇ ಭಾನುವಾರ ಮತ್ತು ತಪಸ್ಸುಕಾಲದ ನಾಲ್ಕನೇ ಭಾನುವಾರ ರೂಢಿಯಿರುವ ಕಡೆ ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸಬಹುದು. ಉಪವಾಸದ ನಡುವೆಯೂ ಧರ್ಮಸಭೆ ಸಂತೋಷಕ್ಕೆ ಒಂದು ದಿನ ಇಟ್ಟಿದೆ. ಸಾಲ, ಕಾಯಿಲೆ, ಕೆಲಸ ಹೋದ ಚಿಂತೆಗಳ ನಡುವೆ ನಿಮ್ಮ ಮನೆಯಲ್ಲಿ ಅಂಥ ಒಂದು ದಿನ ಇದೆಯೇ?

ಅಂದಹಾಗೆ ನೇರಳೆ ಪಶ್ಚಾತ್ತಾಪದ ಬಣ್ಣ ಮಾತ್ರವಲ್ಲ. ಆಗಮನ ಕಾಲದಲ್ಲಿ ಅದು ಕಾಯುವವರ ಬಣ್ಣ. ಬರುವವರಿಗಾಗಿ ದೀಪ ಹಚ್ಚಿಟ್ಟು ಕಾಯುವ ಬಣ್ಣ. ಹೆಂಡತಿಯ ಮಟ್ಟಿಗೆ ಅದು ಎಷ್ಟು ಸರಿ ಎಂದು ನಮ್ಮ ಯಜಮಾನರಿಗೆ ಆ ರಾತ್ರಿ ಅರ್ಥವಾಗಿರಬೇಕು.

ಮದುವೆ ಸೀರೆ: ಬಿಳಿಯೋ ಕೆಂಪೋ?

ಈಗ ಮದುವೆ ಮನೆಗಳಲ್ಲಿ ಆಗಾಗ ಎದ್ದೇಳುವ ಒಂದು ಚರ್ಚೆಗೆ ಬರೋಣ. ಭದ್ರಾವತಿ ದುಡಿಯುವವರ ಊರು. 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕೆಲಸ ಹುಡುಕಿಕೊಂಡು ತಮಿಳುನಾಡಿನಿಂದ, ಕೇರಳದಿಂದ, ಕರಾವಳಿಯಿಂದ ಜನ ಬಂದು ನೆಲೆಸಿದರು. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾಯಿತು; 2007ರಲ್ಲಿ ಸಿರೋ ಮಲಬಾರ್ ಸಂಪ್ರದಾಯದವರಿಗಾಗಿ ಭದ್ರಾವತಿ ಧರ್ಮಕ್ಷೇತ್ರವೂ ಆಯಿತು. ಹೀಗಾಗಿ ನಮ್ಮ ಮದುವೆಗಳಲ್ಲಿ ಒಂದೇ ಬಣ್ಣದ ಪದ್ಧತಿ ಇಲ್ಲ.

ಕರಾವಳಿಯಿಂದ ಬಂದ ಕೊಂಕಣಿ ಮನೆಗಳಲ್ಲಿ 'ಸಾಡೊ' ಎಂಬ ಕೆಂಪು ಸೀರೆಗೆ ದೊಡ್ಡ ಗೌರವ. ಅದನ್ನು ಕೊಡುವವರು ಗಂಡಿನ ಕಡೆಯವರು. ಈಗ ಅನೇಕರು ಚರ್ಚಿನಲ್ಲಿ ಬಿಳಿ ಉಟ್ಟು, ಆಮೇಲೆ ಸಾಡೊ ಉಡುತ್ತಾರೆ. ಕೇರಳ ಮೂಲದ ಸಿರೋ ಮಲಬಾರ್ ಮನೆಗಳಲ್ಲಿ 'ಮಂತ್ರಕೋಡಿ' ಇದೆ. ಗಂಡಿನ ಕಡೆಯವರು ತಂದ ಆ ಸೀರೆಯನ್ನು ಗುರುಗಳು ಆಶೀರ್ವದಿಸುತ್ತಾರೆ. ವರ ಅದನ್ನು ವಧುವಿನ ತಲೆಯ ಮೇಲೆ ಹೊದಿಸುತ್ತಾನೆ. ಮಿನ್ನು ಎಂಬ ತಾಳಿಯನ್ನು ಪೋಣಿಸಲು ಅದೇ ಸೀರೆಯಿಂದ ತೆಗೆದ ಎಳೆಗಳನ್ನು ಬಳಸುವ ಪದ್ಧತಿಯೂ ಇದೆ. ಇನ್ನು ತಮಿಳು ಮತ್ತು ಕನ್ನಡ ಮನೆಗಳಲ್ಲಿ ಕೆಂಪು, ಅರಿಶಿನ, ಮೆರೂನ್ ಬಣ್ಣದ ರೇಷ್ಮೆಯನ್ನು ಇಷ್ಟಪಡುವವರಿದ್ದಾರೆ, ಬಿಳಿ ಸೀರೆಯನ್ನು ಇಷ್ಟಪಡುವವರೂ ಇದ್ದಾರೆ.

ಹೀಗಿರುವಾಗ ಬೇರೆ ಬೇರೆ ಮೂಲದ ಇಬ್ಬರಿಗೆ ಮದುವೆ ಗೊತ್ತಾದರೆ ಜಗಳಕ್ಕೆ ದಾರಿ ಸಿಕ್ಕಿತೆಂದೇ ಅರ್ಥ! "ಬಿಳಿ ಉಡದಿದ್ದರೆ ಕ್ರೈಸ್ತ ಮದುವೆ ಹೇಗಾಗುತ್ತದೆ?" ಎಂದು ಒಂದು ಕಡೆಯವರು. "ಮದುವೆಗೆ ಬಿಳಿಯೇ? ಅಪಶಕುನ" ಎಂದು ಇನ್ನೊಂದು ಕಡೆಯವರು.

ಇಬ್ಬರಿಗೂ ಹೇಳಬೇಕಾದ ಮಾತು ಒಂದೇ. ವಧು ಬಿಳಿಯನ್ನೇ ಉಡಬೇಕೆಂಬ ನಿಯಮ ಧರ್ಮಸಭೆಯ ಕಾನೂನಿನಲ್ಲಿ ಇಲ್ಲ. ಯುರೋಪಿನಲ್ಲಿಯೂ ಹಿಂದೆ ವಧು ತನ್ನಲ್ಲಿದ್ದ ಒಳ್ಳೆಯ ಉಡುಪನ್ನು, ಅದು ಯಾವ ಬಣ್ಣದ್ದಾದರೂ ಸರಿ, ತೊಡುತ್ತಿದ್ದಳು. 1840ರ ಫೆಬ್ರವರಿ 10ರಂದು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಬಿಳಿ ಉಡುಪಿನಲ್ಲಿ ಮದುವೆಯಾದ ಮೇಲೆ ಬಿಳಿಯ ರೂಢಿ ಹಬ್ಬಿತು. ದೀಕ್ಷಾಸ್ನಾನದ ಬಿಳಿ ವಸ್ತ್ರವನ್ನು ನೆನಪಿಸುವುದರಿಂದ ಅದಕ್ಕೆ ಒಳ್ಳೆಯ ಅರ್ಥವೂ ಇದೆ. ಆದರೆ ಅದು ಕಟ್ಟಳೆಯಲ್ಲ. 1983ರ ಧರ್ಮಸಭೆಯ ಕಾನೂನಿನ 1057ನೇ ವಿಧಿಯ ಪ್ರಕಾರ ಮದುವೆಯನ್ನು ಮದುವೆಯಾಗಿಸುವುದು ವಧೂವರರ ಸ್ವತಂತ್ರ ಸಮ್ಮತಿ. ಪೌರಸ್ತ್ಯ ಸಂಪ್ರದಾಯದಲ್ಲಿ ಗುರುಗಳ ಆಶೀರ್ವಾದವೂ ಅಗತ್ಯ. ಸೀರೆ ಬಿಳಿಯೋ ಕೆಂಪೋ ಎಂಬುದರಿಂದ ಸಂಸ್ಕಾರಕ್ಕೆ ಏನೂ ಕೂಡುವುದಿಲ್ಲ, ಏನೂ ಕಳೆಯುವುದಿಲ್ಲ.

ಆದರೆ ಸ್ವತಂತ್ರ ಸಮ್ಮತಿಯನ್ನು ಅಷ್ಟು ದೊಡ್ಡದಾಗಿ ಎತ್ತಿಹಿಡಿಯುವ ಧರ್ಮಸಭೆಯ ಮಕ್ಕಳಾದ ನಾವು, ಸೀರೆ ಆರಿಸುವಾಗ ವಧುವನ್ನು ಕೇಳುವುದನ್ನೇ ಮರೆತರೆ? ಅತ್ತೆಗೆ ಇಷ್ಟ, ನಾದಿನಿಗೆ ಇಷ್ಟ, ಫೋಟೋದವರಿಗೆ ಇಷ್ಟ. ಉಡುವವಳ ಇಷ್ಟ ಯಾರಿಗೂ ಗೊತ್ತಿಲ್ಲ! 2016ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಕುಟುಂಬದ ಪ್ರೀತಿಯನ್ನು ಕುರಿತು ಬರೆದ 'ಅಮೋರಿಸ್ ಲೆತೀಸಿಯಾ' ಎಂಬ ಪತ್ರದಲ್ಲಿ, ಮದುವೆಗೆ ಸಿದ್ಧರಾಗುವ ಜೋಡಿಗಳು ಬಟ್ಟೆ, ಅಲಂಕಾರ, ಔತಣಗಳಲ್ಲಿಯೇ ಹಣವನ್ನೂ ಶಕ್ತಿಯನ್ನೂ ಸಂತೋಷವನ್ನೂ ಕಳೆದುಕೊಂಡು ದಣಿಯಬಾರದೆಂದು ಎಚ್ಚರಿಸಿದ್ದಾರೆ. ಸಾಲ ಮಾಡಿ ತಂದ ರೇಷ್ಮೆಯ ಬಣ್ಣ ಕೆಲವೇ ದಿನ. ಬಡ್ಡಿಯ ಬಣ್ಣ ವರ್ಷಗಟ್ಟಲೆ.

ಇಷ್ಟ ಆಜ್ಞೆಯಾದಾಗ

"ನೀನು ಈ ಬಣ್ಣ ಉಟ್ಟರೆ ನನಗೆ ಇಷ್ಟ" ಎಂಬುದು ಪ್ರೀತಿಯ ಮಾತು. "ನೀನು ಈ ಬಣ್ಣವನ್ನೇ ಉಡಬೇಕು" ಎಂಬುದು ಆಜ್ಞೆ. ಎರಡರ ನಡುವೆ ಇರುವುದು ಒಂದೆರಡು ಅಕ್ಷರ. ಆದರೆ ಒಂದರಲ್ಲಿ ಹೆಂಡತಿ ಇದ್ದಾಳೆ, ಇನ್ನೊಂದರಲ್ಲಿ ಇಲ್ಲ. ನನ್ನ ಮೆಚ್ಚಿನ ಬಣ್ಣವನ್ನು ಸಂಗಾತಿ ತೊಟ್ಟರೆ ಅದು ನನಗೆ ಸಿಕ್ಕ ಉಡುಗೊರೆ. ಉಡುಗೊರೆಯನ್ನು ವಸೂಲಿ ಮಾಡಲಾಗುವುದಿಲ್ಲ.

ಕೆಲವು ಮನೆಗಳಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಎಲ್ಲಿಗೆ ಹೋಗುತ್ತೀ, ಯಾಕೆ ಕೆಂಪು ಉಟ್ಟೆ, ಯಾರು ನೋಡಲೆಂದು ಉಟ್ಟೆ ಎಂಬ ಪ್ರಶ್ನೆಗಳು ಏಳುತ್ತವೆ. ಇದು ಸಂಶಯ. ಸಂಶಯಕ್ಕೆ ಪ್ರೀತಿಯ ಹೆಸರು ಕೊಡಬಾರದು. ಅಂಥ ಕಷ್ಟದಲ್ಲಿರುವವರು ಒಳಗೇ ಬೇಯದೆ, ನಂಬಿಕೆಯ ಹಿರಿಯರ ಹತ್ತಿರವೋ ಧರ್ಮಕೇಂದ್ರದ ಗುರುಗಳ ಹತ್ತಿರವೋ ಮಾತನಾಡಲಿ.

ಮಡದಿಯರಿಗೂ ಒಂದು ಮಾತು. ಗಂಡ ಎಂದೋ ಆಸೆಪಟ್ಟು ತಂದ ಬಣ್ಣದ ಅಂಗಿಯನ್ನು ನೋಡಿ "ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ಎಂದು ಮಕ್ಕಳೆದುರು ನಗುವವರಿದ್ದಾರೆ. ಆ ಅಂಗಿ ಮತ್ತೆ ಕಪಾಟಿನಿಂದ ಹೊರಗೆ ಬರುವುದಿಲ್ಲ. ಗಂಡಸಿಗೂ ಚೆನ್ನಾಗಿ ಕಾಣಬೇಕೆಂಬ ಆಸೆ ಇರುತ್ತದೆ; ಹೇಳಿಕೊಳ್ಳುವುದು ಕಡಿಮೆ, ಅಷ್ಟೇ.

ಇನ್ನೊಂದು ನೋವಿನ ವಿಷಯ. "ನಿನ್ನ ಬಣ್ಣಕ್ಕೆ ಆ ಬಣ್ಣ ಒಪ್ಪುವುದಿಲ್ಲ" ಎಂದು ಕಪ್ಪಗಿರುವ ಹೆಣ್ಣುಮಕ್ಕಳಿಗೆ ನಮ್ಮ ಮನೆಗಳಲ್ಲಿ ಎಷ್ಟು ಸುಲಭವಾಗಿ ಹೇಳುತ್ತೇವೆ! ತಾಯಿ ಹೇಳುತ್ತಾಳೆ, ಚಿಕ್ಕಮ್ಮ ಹೇಳುತ್ತಾಳೆ, ಮದುವೆಯಾದ ಮೇಲೆ ಗಂಡನೂ ಹೇಳುತ್ತಾನೆ. ಹಾಗೆ ಕೇಳಿ ಕೇಳಿ ಅರಿಶಿನ, ಕಿತ್ತಳೆ, ಕೆಂಪು ಬಣ್ಣಗಳನ್ನು ಶಾಶ್ವತವಾಗಿ ಬಿಟ್ಟವರಿದ್ದಾರೆ. ಪರಮಗೀತೆಯ ಮೊದಲನೇ ಅಧ್ಯಾಯದಲ್ಲಿ ವಧು ತನ್ನ ಕಪ್ಪು ಮೈಬಣ್ಣವನ್ನು ಮರೆಮಾಚದೆ ತನ್ನ ಚೆಲುವನ್ನು ಧೈರ್ಯವಾಗಿ ಹೇಳಿಕೊಳ್ಳುತ್ತಾಳೆ. ದೇವರು ಕೊಟ್ಟ ಮೈಬಣ್ಣವನ್ನು ಹಳಿಯುವ ಮಾತು ಸೀರೆಯ ಸಲಹೆಯ ವೇಷದಲ್ಲಿ ಬಂದರೂ ಹಳಿಯುವ ಮಾತೇ.

ನೋಡುವುದೂ ಪ್ರೀತಿ

ಅದೇ ಪತ್ರದ 128ನೇ ಪರಿಚ್ಛೇದದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಪ್ರೀತಿಯ ನೋಟದ ವಿಷಯ ಬರೆಯುತ್ತಾರೆ. ಗಂಡ ಹೆಂಡತಿ ಪರಸ್ಪರ ನೋಡುವುದನ್ನು ನಿಲ್ಲಿಸಿದಾಗ ಎಷ್ಟೋ ಗಾಯಗಳು, ಎಷ್ಟೋ ಸಮಸ್ಯೆಗಳು ಹುಟ್ಟುತ್ತವೆ. ಗಮನ ಸೆಳೆಯಲು ಮನೆಯವರು ಏನೇನೋ ಮಾಡುತ್ತಾರೆ. ಗಂಡನ ಕಣ್ಣಿಗೆ ತಾನು ಕಾಣಿಸುವುದೇ ಇಲ್ಲ ಎಂಬ ದೂರು ಕುಟುಂಬಗಳಲ್ಲಿ ಆಗಾಗ ಕೇಳಿಬರುತ್ತದೆ ಎಂಬುದು ಅವರ ಮಾತಿನ ಸಾರ. ಭದ್ರಾವತಿಯ ಆ ತಾಯಿ ಹೇಳಿದ್ದೂ ಇದನ್ನೇ ಅಲ್ಲವೇ?

ಯೇಸುಸ್ವಾಮಿ ನೋಡುವವರಾಗಿದ್ದರು. ಹೊಲದ ಹೂಗಳ ಉಡುಗೆಯನ್ನು ನೋಡಿ, ಸೊಲೊಮೋನ ಅರಸನ ವೈಭವವೂ ಅದರ ಮುಂದೆ ಸಾಟಿಯಲ್ಲವೆಂದರು. ನಾಳೆ ಬಾಡಿಹೋಗುವ ಹೂವಿನ ಬಣ್ಣವನ್ನೂ ಅವರ ಕಣ್ಣು ಬಿಡಲಿಲ್ಲ. ನಮ್ಮ ಎದುರಿಗೇ ಕುಳಿತು ಊಟ ಮಾಡುವವರನ್ನು ನಾವು ನೋಡುತ್ತೇವೆಯೇ? ಇತ್ತೀಚೆಗೆ ಮೊಬೈಲು ಬಂದ ಮೇಲೆ ಊರಿನವರೆಲ್ಲರ ಹೊಸ ಬಟ್ಟೆಯ ಚಿತ್ರ ನೋಡಿ ಮೆಚ್ಚುತ್ತೇವೆ. ಮನೆಯಾಕೆ ಹೊಸ ಸೀರೆ ಉಟ್ಟು ಎರಡು ಸಲ ಎದುರಿಗೆ ಓಡಾಡಿದರೂ ಕಣ್ಣೆತ್ತುವುದಿಲ್ಲ.

ಸಂಗಾತಿ ಅಗಲಿದ ಮೇಲೆ

ಬಣ್ಣದ ಮಾತು ಬಂದಾಗ ನಮ್ಮ ವಿಧವೆಯರನ್ನು ಮರೆಯಬಾರದು. ಗಂಡ ತೀರಿಕೊಂಡ ಮೇಲೆ ಹೆಂಗಸು ಬಣ್ಣ ಬಿಡಬೇಕು, ಹೂವು ಬಿಡಬೇಕು, ಮದುವೆ ಮನೆಯಲ್ಲಿ ಹಿಂದೆ ನಿಲ್ಲಬೇಕು ಎಂಬ ರೂಢಿ ಸುತ್ತಲಿನ ಸಮಾಜದಿಂದ ನಮ್ಮ ಮನೆಗಳಿಗೂ ಬಂದಿದೆ. ಧರ್ಮಸಭೆ ಇಂಥ ನಿಯಮ ಮಾಡಿಲ್ಲ. ವಿಧವೆಯರನ್ನು ಗೌರವಿಸಬೇಕೆಂದು ಪೌಲರು ತಿಮೊಥೇಯನಿಗೆ ಬರೆದ ಮೊದಲನೇ ಪತ್ರದ 5ನೇ ಅಧ್ಯಾಯದಲ್ಲಿದೆ. ಬಣ್ಣ ಕಿತ್ತುಕೊಳ್ಳಬೇಕೆಂದು ಎಲ್ಲಿಯೂ ಇಲ್ಲ.

ದುಃಖದಲ್ಲಿ ಒಬ್ಬರು ತಾವಾಗಿಯೇ ಬಿಳಿ ಉಟ್ಟರೆ ಅದು ಅವರ ಮನಸ್ಸು. ಆದರೆ ಗಂಡನಿಗೆ ಇಷ್ಟವಾಗಿದ್ದ ನೀಲಿ ಸೀರೆಯನ್ನು ಆತನ ನೆನಪಿಗೆಂದು ಉಟ್ಟು ಒಬ್ಬಾಕೆ ಚರ್ಚಿಗೆ ಬಂದರೆ, ಹಿಂದಿನ ಸಾಲಿನಲ್ಲಿ ಕುಳಿತವರು ಪಿಸುಗುಟ್ಟುವುದು ಬೇಡ. ಪುನರುತ್ಥಾನವನ್ನು ನಂಬುವವರು ನಾವು. ಸತ್ತವರ ಪ್ರೀತಿ ಸತ್ತಿಲ್ಲ ಎನ್ನುವುದಕ್ಕೆ ಆ ಸೀರೆಯೂ ಒಂದು ಸಾಕ್ಷಿಯಲ್ಲವೇ? ಮಗಳ ಮದುವೆಯಲ್ಲಿ ಆಕೆಯನ್ನು ಮುಂದೆ ನಿಲ್ಲಿಸಿ, ಆಕೆಗೆ ಇಷ್ಟವಾದ ಬಣ್ಣದಲ್ಲಿ ನಿಲ್ಲಿಸಿ.

ಮತ್ತೆ ಗಾಂಧಿ ಬಜಾರಿಗೆ

ನಮ್ಮ ಯಜಮಾನರ ಕಥೆ ಮುಗಿದಿಲ್ಲ. ಮರುದಿನ ಅವರು ಯಾರಿಗೂ ಹೇಳದೆ ಒಬ್ಬರೇ ಬಸ್ಸು ಹತ್ತಿ ಅದೇ ಅಂಗಡಿಗೆ ಹೋದರು. ಆ ನೇರಳೆ ಸೀರೆ ಮಾರಾಟವಾಗಿತ್ತು. ಅಂಗಡಿಯವರು ಬೇರೆ ನೇರಳೆ ತೋರಿಸಿದರು. ಒಂದು ತಿಳಿ, ಒಂದು ಗಾಢ, ಒಂದಕ್ಕೆ ಜರಿ ಜಾಸ್ತಿ, ಒಂದಕ್ಕೆ ಕಡಿಮೆ. ಯಾವುದನ್ನು ಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಡತಿಯ ಇಷ್ಟ ತನಗೆ ತಿಳಿದಿಲ್ಲವೆಂದು ಅಂಗಡಿಯ ಮೆತ್ತೆಯ ಮೇಲೆ ಕುಳಿತಾಗ ಅವರಿಗೆ ಪೂರ್ತಿ ಅರ್ಥವಾಯಿತು. ಬರಿಗೈಯಲ್ಲಿ ಮನೆಗೆ ಬಂದರು.

"ಎಲ್ಲಿಗೆ ಹೋಗಿದ್ರಿ?" ಎಂದು ಹೆಂಡತಿ ಕೇಳಿದರು.

"ಶಿವಮೊಗ್ಗಕ್ಕೆ. ನಿನ್ನ ಸೀರೆ ತರೋಣ ಅಂತ. ಯಾವುದು ತರಬೇಕು ಅಂತ ಗೊತ್ತಾಗಲಿಲ್ಲ. ನೀನೇ ಬಾ."

ಆ ಶನಿವಾರ ಇಬ್ಬರೇ ಹೋದರು. ಆಕೆ ಅರ್ಧ ಗಂಟೆ ತೆಗೆದುಕೊಂಡು ಆರಿಸಿದರು. ಯಜಮಾನರು ಒಂದು ಮಾತೂ ಆಡದೆ, ಆಕೆ ಒಂದೊಂದು ಸೆರಗನ್ನೂ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುವುದನ್ನು ನೋಡುತ್ತಾ ಕುಳಿತರು. ಗಾಢ ನೇರಳೆ ಸೀರೆ ಆಯಿತು. ರವಿಕೆಯ ಬಟ್ಟೆ ಕೇಳಿದಾಗ ಆಕೆ, "ಹಸಿರು ಕೊಡಿ" ಎಂದರು. ಆಮೇಲೆ ಗಂಡನ ಕಡೆ ತಿರುಗಿ, "ಅದು ನಿಮಗೆ" ಎಂದರು.

ಮಗಳ ಮದುವೆಯ ಬಲಿಪೂಜೆಯಲ್ಲಿ ಆಕೆ ಅದನ್ನೇ ಉಟ್ಟಿದ್ದರು. ಸೀರೆ ಚೆನ್ನಾಗಿದೆಯೆಂದು ಹಲವರು ಹೇಳಿದರು. ಮೊದಲು ಹೇಳಿದವರು ಯಾರೆಂದು ನೀವೇ ಊಹಿಸಿಕೊಳ್ಳಿ.

ಮನೆಯಲ್ಲಿ ಮಾಡಿ ನೋಡಿ

1. ಈ ವಾರ ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಸಂಗಾತಿಯ ಮೆಚ್ಚಿನ ಬಣ್ಣ, ಮೆಚ್ಚಿನ ತಿಂಡಿ, ಮೆಚ್ಚಿನ ಸ್ತುತಿಗೀತೆ ಬರೆಯಿರಿ. ಆಮೇಲೆ ಬದಲಿಸಿಕೊಂಡು ಓದಿ. ತಪ್ಪಾದರೆ ನಗಿ, ಜಗಳ ಬೇಡ.

2. ಆ ಬಣ್ಣ ಏಕೆ ಇಷ್ಟ ಎಂದು ಕೇಳಿ. ಉತ್ತರದ ಹಿಂದೆ ಹೆಚ್ಚಾಗಿ ಒಬ್ಬ ತಾಯಿಯೋ ಒಂದು ಊರೋ ಒಂದು ಹಬ್ಬವೋ ಇರುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಿ.

3. ಹಬ್ಬಕ್ಕೆ ಬಟ್ಟೆ ತರುವಾಗ ಒಂದು ವರ್ಷ ನಿಮ್ಮ ಇಷ್ಟದ್ದು, ಒಂದು ವರ್ಷ ಅವರ ಇಷ್ಟದ್ದು ತನ್ನಿ. ಬೆಲೆಯನ್ನು ಮಾತ್ರ ಇಬ್ಬರೂ ಸೇರಿ ಮೊದಲೇ ನಿಶ್ಚಯಿಸಿಕೊಳ್ಳಿ.

4. ಸಂಗಾತಿ ಹೊಸದನ್ನು ತೊಟ್ಟ ದಿನ, ಬೇರೆಯವರು ಹೇಳುವ ಮೊದಲು ನೀವು ಹೇಳಿ.

5. ಮಕ್ಕಳ ಮೈಬಣ್ಣದ ವಿಷಯದಲ್ಲಿ ಹೋಲಿಕೆಯ ಮಾತು ಮನೆಯಲ್ಲಿ ಬೇಡ.

ಚಿಂತನೆಗೆ

ನನ್ನ ಸಂಗಾತಿ ನನ್ನನ್ನು ಮೆಚ್ಚಿಸಲು ಇಷ್ಟು ವರ್ಷ ಸದ್ದಿಲ್ಲದೆ ಬಿಟ್ಟುಕೊಟ್ಟದ್ದು ಏನು? ಅದನ್ನು ನಾನು ಎಂದಾದರೂ ಗಮನಿಸಿದ್ದೇನೆಯೇ? ನನಗೆ ಏನು ಇಷ್ಟವೆಂದು ನಾನು ಬಾಯಿಬಿಟ್ಟು ಹೇಳಿದ್ದೇನೆಯೇ, ಅಥವಾ ಹೇಳದೆ ಇದ್ದು ಒಳಗೇ ನೊಂದಿದ್ದೇನೆಯೇ? ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲರು ಕನಿಕರ, ದಯೆ, ದೀನತೆ, ತಾಳ್ಮೆಗಳನ್ನು ಬಟ್ಟೆಯಂತೆ ಧರಿಸಿಕೊಳ್ಳಲು ಹೇಳಿ, ಅವೆಲ್ಲದರ ಮೇಲೆ ಪ್ರೀತಿಯನ್ನು ತೊಡಲು ಹೇಳುತ್ತಾರೆ. ಇಂದು ರಾತ್ರಿ ಆ ಭಾಗವನ್ನು ಇಬ್ಬರೂ ಸೇರಿ ಓದಿ.

ಪ್ರಾರ್ಥನೆ

ಪ್ರಭುವೇ, ಮಳೆಬಿಲ್ಲಿಗೂ ನೇರಳೆ ಹಣ್ಣಿಗೂ ಮಲೆನಾಡಿನ ಹಸಿರಿಗೂ ಬಣ್ಣ ತುಂಬಿದವರು ನೀವು. ನೀವು ನಮಗೆ ಕೊಟ್ಟ ಸಂಗಾತಿಯನ್ನು ಮತ್ತೆ ಹೊಸದಾಗಿ ನೋಡುವ ಕಣ್ಣು ಕೊಡಿ. ಕೇಳುವ ಸೌಜನ್ಯ ಕೊಡಿ, ಹೇಳುವ ಧೈರ್ಯ ಕೊಡಿ. ನಮ್ಮ ಇಷ್ಟವನ್ನು ಹೇರದೆ, ಒಬ್ಬರ ಇಷ್ಟವನ್ನು ಒಬ್ಬರು ಉಡುಗೊರೆಯಾಗಿ ತೊಡುವಂತೆ ಮಾಡಿ. ಸಂಗಾತ��ಯನ್ನು ಕಳೆದುಕೊಂಡವರಿಗೆ ಸಾಂತ್ವನ ಕೊಡಿ. ಆಮೆನ್.